ಕಟಿಂಗ್ ಅಂಗಡಿಯ ನಾಲ್ಕು ದನಿ

ಒಂದು ಮೇಳ ಚೊಲೋ ಐತೋ ಇಲ್ಲೋ ಅಂತ ತಿಳಿಯಲು ನನ್ನ ಹತ್ತಿರ ಎರಡು ಅಳತೆ ಇವೆ. ಮೊದಲನೆಯದು, ಆ ಮೇಳದಿಂದ ಒಂದು ದನಿ ತೆಗೆದರೆ ಹಾಡು ಕುಂಟುತ್ತದೆಯೋ ಇಲ್ಲವೋ. ಕುಂಟದಿದ್ದರೆ ಆ ದನಿ ಅಲ್ಲಿ ಸುಮ್ಮನೆ ಕೂತಿತ್ತು ಅಂತ ಅರ್ಥ. ಎರಡನೆಯದು, ಆ ಮೇಳದ ಜಮಖಾನೆಯ ಮೇಲೆ ಯಾರನ್ನು ಕೂಡಿಸಿಕೊಳ್ಳುತ್ತಾರೆ, ಯಾರನ್ನು ಹೊರಗೆ ನಿಲ್ಲಿಸುತ್ತಾರೆ. ನಲವತ್ತು ವರ್ಷ ಭಜನಿ, ಗೀಗೀ ಪದ ಹಾಡಿ ನಾನು ಕಲಿತದ್ದು ಇಷ್ಟು. ಈ ಎರಡು ಅಳತೆ ಹಿಡಿದು ಅಮೇರಿಕಾ ದೇಶದ ಒಂದು ಹಾಡಿನ ಪದ್ಧತಿಯನ್ನು ಇಲ್ಲಿ ತೂಗಿ ನೋಡುತ್ತೇನೆ. ಅದರ ಹೆಸರು ಬಾರ್ಬರ್‌ಶಾಪ್ ಹಾರ್ಮನಿ. ನಮ್ಮ ಮಾತಿನಾಗ ಹೇಳಬೇಕಂದ್ರ ಕಟಿಂಗ್ ಅಂಗಡಿಯ ಕೂಡುಹಾಡು.

ಜತ್ತ ತಾಲೂಕಿನ ಒಕ್ಕಲುತನದವ, ಏಳನೇ ಇಯತ್ತೆಗೆ ಸಾಲಿ ಬಿಟ್ಟವ, ಇವನಿಗ್ಯಾಕ ಅಮೇರಿಕಾದ ಉಸಾಬರಿ ಅಂತ ನೀವು ಕೇಳಬಹುದು. ಇಂಗ್ಲಿಷ್ ಪುಸ್ತಕದಲ್ಲಿ ಇದ್ದದ್ದನ್ನು ನಮ್ಮ ವಾಚನಾಲಯಕ್ಕೆ ಬರುವ ಮಾಸ್ತರರು ಓದಿ ಹೇಳಿದರು. ಹಾಡುಗಳನ್ನು ಮೊಬೈಲಿನಲ್ಲಿ ಹಚ್ಚಿ ಕೊಟ್ಟರು. ಮಾತು ತಿಳಿಯಲಿಲ್ಲ, ಸ್ವರ ತಿಳಿಯಿತು. ಸ್ವರಕ್ಕೆ ಇಯತ್ತೆ ಇಲ್ಲ.

ಮೊದಲು ಇದು ಏನು ಅಂತ ನೋಡೋಣ. ನಾಲ್ಕು ಮಂದಿ ಒತ್ತಾಗಿ ನಿಂತು ಹಾಡುತ್ತಾರೆ. ಪೇಟಿ ಇಲ್ಲ, ತಬಲಾ ಇಲ್ಲ, ತಾಳ ಇಲ್ಲ. ಸ್ವರ ಹಿಡಿಯಲು ಅಂಗೈಯಲ್ಲಿ ಅಡಗುವ ಒಂದು ಸಣ್ಣ ಪೀಪಿ ಊದಿ ಕಿಸೆಯಲ್ಲಿ ಇಟ್ಟುಬಿಡುತ್ತಾರೆ. ಮುಂದಿನದೆಲ್ಲ ಗಂಟಲಿನ ಕೆಲಸ. ಈ ನಾಲ್ವರ ಮೇಳಕ್ಕೆ ಅಲ್ಲಿ ಕ್ವಾರ್ಟೆಟ್ ಅನ್ನುತ್ತಾರೆ. ನಾನು ಚೌಕಡಿ ಅನ್ನುತ್ತೇನೆ. ಮರಾಠಿಯಲ್ಲಿ ಚೌಕಡಿ ಅಂದರೆ ಪುಂಡರ ಗುಂಪು ಅಂತಲೂ ನಗುತ್ತಾರೆ, ಇರಲಿ.

ನಾಲ್ವರಿಗೂ ಬೇರೆ ಬೇರೆ ಕೆಲಸ. ಹಾಡಿನ ಧಾಟಿ ಹಿಡಿದು ನಡೆಸುವವನು ಲೀಡ್. ಅವನ ಮೇಲೆ ತೆಳ್ಳಗೆ ಎಳೆ ಎಳೆಯುವವನು ಟೆನರ್. ಎಲ್ಲಕ್ಕೂ ಕೆಳಗೆ ಬುಡ ಹಾಕುವವನು ಬಾಸ್. ನಾಲ್ಕನೆಯವನು ಬ್ಯಾರಿಟೋನ್. ಮೂವರೂ ಹಿಡಿದು ಉಳಿದ ಸ್ವರ ಯಾವುದೋ ಅದು ಇವನ ಪಾಲು. ಒಮ್ಮೆ ಲೀಡಿನ ಕೆಳಗೆ ಇರುತ್ತಾನೆ, ಮರುಗಳಿಗೆ ಲೀಡಿನ ಮೇಲೆ ಹಾರುತ್ತಾನೆ. ಇಗರ್ಜಿಯ ಹಾಡಿನಲ್ಲಿ ಧಾಟಿ ಎಲ್ಲಕ್ಕೂ ಮೇಲಿನ ದನಿಯಲ್ಲಿ ಇರುವುದು ರೂಢಿ. ಇಲ್ಲಿ ಅದು ಮೇಲಿನಿಂದ ಎರಡನೆಯ ದನಿಯಲ್ಲಿ, ನಡುವೆ ಮುಚ್ಚಿಕೊಂಡು ಇರುತ್ತದೆ. ಹೋಳಿಗೆಯೊಳಗಿನ ಹೂರಣದಂತೆ.

ನಮ್ಮ ಹಾಡಿನಲ್ಲಿ ಈ ಪದ್ಧತಿ ಇಲ್ಲ. ಕಣದಲ್ಲಿ ಹಂತಿ ಹೊಡೆಯುವಾಗ ಒಬ್ಬ ನುಡಿ ಎತ್ತಿದರೆ ಉಳಿದವರು ಅದೇ ನುಡಿಯನ್ನು ಅದೇ ಸ್ವರದಲ್ಲಿ ಎತ್ತಿಕೊಳ್ಳುತ್ತಾರೆ. ಗೀಗೀ ಮೇಳದಲ್ಲಿ ಸೂರು ಹಿಡಿಯುವವನು ಒಂದೇ ಸ್ವರಕ್ಕೆ ನಿಂತಿರುತ್ತಾನೆ, ಪದ ಅದರ ಮೇಲೆ ಆಡುತ್ತದೆ. ನಮ್ಮದು ಒಂದೇ ದಾರ, ಎಷ್ಟು ಮಂದಿ ಹಿಡಿದರೂ ಅದೇ ದಾರ. ಅವರದು ನಾಲ್ಕೆಳೆಯ ಹಗ್ಗ. ಹಗ್ಗ ಹೊಸೆದವರಿಗೆ ಗೊತ್ತು, ಒಂದು ಎಳೆ ಸಡಿಲಾದರೆ ಇಡೀ ಹಗ್ಗ ಉಬ್ಬಿ ಬಿಡುತ್ತದೆ.

ಇದರ ಜೀವ ಎಲ್ಲಿದೆ ಅಂತ ನೋಡಿದರೆ ಒಂದು ಲೆಕ್ಕ ಸಿಗುತ್ತದೆ. ಮಾಸ್ತರರು ಇದನ್ನು ಕರಿಹಲಗೆಯ ಮೇಲೆ ಬರೆದು ಹುಡುಗರಿಗೆ ತೋರಿಸಬಹುದು. ಬುಡದವನು ಒಂದು ಸೆಕೆಂಡಿಗೆ 200 ಸಲ ನಡುಗುವ ಸ್ವರ ಹಿಡಿದ ಅಂತ ತಿಳಿಯಿರಿ. ಉಳಿದ ಮೂವರು 250, 300, 350ಕ್ಕೆ ನಿಲ್ಲುತ್ತಾರೆ. ಅಂದರೆ ನಾಲ್ಕು, ಐದು, ಆರು, ಏಳು ಎಂಬ ಪ್ರಮಾಣ. ಪ್ರತಿ ದನಿಯ ಒಳಗೂ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ನಡುಗುವ ಸಣ್ಣ ದನಿಗಳು ಅಡಗಿರುತ್ತವೆ. 200ರ ಮೂರು ಪಟ್ಟು 600, 300ರ ಎರಡು ಪಟ್ಟೂ 600. 200ರ ಐದು ಪಟ್ಟು 1000, 250ರ ನಾಲ್ಕು ಪಟ್ಟೂ 1000. 200ರ ಏಳು ಪಟ್ಟು 1400, 350ರ ನಾಲ್ಕು ಪಟ್ಟೂ 1400. ಹೀಗೆ ಅಡಗಿದ ದನಿಗಳು ಒಂದರ ಮೇಲೊಂದು ಕೂತಾಗ ಮೇಲೆ ಗಂಟೆ ಹೊಡೆದಂತೆ ಒಂದು ನಾದ ಏಳುತ್ತದೆ. ಕೇಳುವವರಿಗೆ ಐದನೆಯವನು ಎಲ್ಲಿಂದಲೋ ಬಂದು ಸೇರಿದ ಹಾಗೆ. ಹಾಡುವವರು ಅದಕ್ಕೆ ದನಿ 'ರಿಂಗ್' ಆಯಿತು ಅನ್ನುತ್ತಾರೆ.

ಪೇಟಿ ನುಡಿಸುವವರು ಒಂದು ಮಾತು ಗಮನಿಸಬೇಕು. ಪೇಟಿಯ ಪಟ್ಟಿ ಒತ್ತಿದರೆ ಆ ನಾಲ್ಕನೆಯ ಸ್ವರ 350 ಬರುವುದಿಲ್ಲ, ಸುಮಾರು 356 ಬರುತ್ತದೆ. ಅಂದರೆ ಈ ಸ್ವರ ಪೇಟಿಯಲ್ಲಿ ಇಲ್ಲ. ಅದನ್ನು ಮನುಷ್ಯ ತನ್ನ ಗಂಟಲಿನಿಂದ ತಗ್ಗಿಸಿ, ಪಕ್ಕದವನ ದನಿ ಕೇಳಿ, ಅದರ ತೆಕ್ಕೆಗೆ ತಂದು ಕೂಡಿಸಬೇಕು. ಕೂಡುಹಾಡಿನ ಹಿರಿಮೆ ನನಗೆ ಇಲ್ಲಿ ಕಾಣುತ್ತದೆ. ತನ್ನ ಸ್ವರ ತನಗೆ ಸರಿ ಅನಿಸಿದರೆ ಸಾಲದು, ಪಕ್ಕದವನ ಸ್ವರಕ್ಕೆ ಸರಿ ಆಗಬೇಕು. ಗಟ್ಟಿ ಹಾಡುವವನಿಗಿಂತ ಚೊಲೋ ಕೇಳುವವನು ಇಲ್ಲಿ ದೊಡ್ಡವನು.

ಬ್ಯಾರಿಟೋನ್ ಹಾಡುವವನ ಪಾಲನ್ನು ಬೇರೆ ಮಾಡಿ ಕೇಳಿದೆ. ಅದಕ್ಕೆ ತಲೆಬುಡ ಇಲ್ಲ. ಹೊಲಕ್ಕೆ ಹೋಗುತ್ತಾ ಯಾರೂ ಗುನುಗುವ ಧಾಟಿ ಅದಲ್ಲ. ಆದರೆ ಅವನು ಬಾಯಿ ಮುಚ್ಚಿದ ಕೂಡಲೇ ಆ ಗಂಟೆಯ ನಾದ ನಿಂತುಹೋಗುತ್ತದೆ. ನನ್ನ ಮೊದಲ ಅಳತೆಯಲ್ಲಿ ಈ ಪದ್ಧತಿಗೆ ಪೂರಾ ಅಂಕ ಕೊಡುತ್ತೇನೆ.

ಇನ್ನು ಎರಡನೆಯ ಅಳತೆ. ಇದಕ್ಕೆ ಕಥೆಯ ಬುಡಕ್ಕೆ ಹೋಗಬೇಕು.

ಅಮೇರಿಕಾದ ದಕ್ಷಿಣ ರಾಜ್ಯಗಳಲ್ಲಿ ಬಹಳ ಕಾಲ ಕ್ಷೌರದ ಕಸುಬು ಬಹುಪಾಲು ಕಪ್ಪು ಜನರ ಕೈಯಲ್ಲಿ ಇತ್ತು. 1865ರಲ್ಲಿ ಗುಲಾಮಗಿರಿ ಮುಗಿದ ಮೇಲೂ ಕಪ್ಪು ಗಂಡಸರು ನಾಲ್ಕು ಮಂದಿ ಕೂತು ಮಾತಾಡುವ ಜಾಗ ಅಂದರೆ ಇಗರ್ಜಿ ಬಿಟ್ಟರೆ ಕ್ಷೌರದ ಅಂಗಡಿ. ಪಾಳಿ ಬರುವ ತನಕ ಕೂತವರು ಹಾಡುತ್ತಿದ್ದರು. ಜೇಮ್ಸ್ ವೆಲ್ಡನ್ ಜಾನ್ಸನ್ ಎಂಬ ಕಪ್ಪು ಜನರ ದೊಡ್ಡ ಲೇಖಕ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್‌ ಊರಿನವನು. ಕಪ್ಪು ಜನರ ಭಕ್ತಿಪದಗಳ ಸಂಗ್ರಹ ಮಾಡಿ 1925ರಲ್ಲಿ ಅದಕ್ಕೆ ಮುನ್ನುಡಿ ಬರೆದ. ಅದರಲ್ಲಿ ತಾನು ಕಂಡದ್ದನ್ನು ಹೇಳುತ್ತಾನೆ. ಒಂದೊಂದು ಅಂಗಡಿಗೂ ಒಂದು ಚೌಕಡಿ ಇತ್ತಂತೆ. ಹುಡುಗರು ಒಂದು ಸ್ವರಕ್ಕೆ ಇನ್ನೊಂದು ಜೋಡಿಸುತ್ತಾ ಹುಡುಕುತ್ತಿದ್ದರಂತೆ. ಹೊಸದೊಂದು ಕೂಟ ಸಿಕ್ಕಿತೆಂದರೆ ನಗು, ಬೆನ್ನು ಚಪ್ಪರಿಸುವುದು ಎಲ್ಲಾ ನಡೆಯುತ್ತಿತ್ತಂತೆ. ಕಾಗದ ಇಲ್ಲ, ಗುರು ಇಲ್ಲ. ಕಿವಿಯೇ ಗುರು.

ಮುಂದೆ ಜಗತ್ತಿಗೆಲ್ಲಾ ಹೆಸರಾದ ಕಹಳೆ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಕೂಡ ಹುಡುಗನಿದ್ದಾಗ ನ್ಯೂ ಆರ್ಲಿಯನ್ಸ್ ಊರಿನ ಓಣಿಯಲ್ಲಿ ಹುಡುಗರ ಚೌಕಡಿ ಕಟ್ಟಿ ಹಾಡಿ ಚಿಲ್ಲರೆ ಕೂಡಿಸಿದವನು. 1910ರಲ್ಲಿ ಈ ಕೂಟಸ್ವರದ ಮೇಲೆಯೇ ಒಂದು ಹಾಡು ಬಂತು, ಪ್ಲೇ ದ್ಯಾಟ್ ಬಾರ್ಬರ್ ಶಾಪ್ ಕಾರ್ಡ್ ಅಂತ. ಬರ್ಟ್ ವಿಲಿಯಮ್ಸ್ ಎಂಬ ಕಪ್ಪು ನಟ ಅದನ್ನು ತಟ್ಟೆಗೆ ಹಾಡಿದ. ಅಂದರೆ ಆ ಹೊತ್ತಿಗೆ ಈ ಹೆಸರು ಊರೆಲ್ಲಾ ತಿಳಿದಿತ್ತು. ಯುರೋಪಿನಿಂದ ಬಂದ ನಾಲ್ಕು ದನಿಯ ಹಾಡಿನ ರೂಢಿ, ಬಿಳಿಯರ ನಾಟಕದ ಮಂದಿಯ ಚೌಕಡಿಗಳು, ಇವೂ ಇದರಲ್ಲಿ ಕೂಡಿದವು, ಸುಳ್ಳಲ್ಲ. ಹೊಳೆ ಅಂದಮೇಲೆ ಹಳ್ಳಗಳು ಕೂಡುತ್ತವೆ. ಆದರೆ ಹೊಳೆಯ ದೊಡ್ಡ ಊಟೆ ಯಾವುದು ಅಂತ ಮರೆಮಾಚಬಾರದು. 1992ರಲ್ಲಿ ಲಿನ್ ಅಬಟ್ ಎಂಬ ಸಂಶೋಧಕ ಹಳೆಯ ಪತ್ರಿಕೆಗಳನ್ನು, ಹಳೆಯ ಹಾಡುಗಾರರ ಮಾತುಗಳನ್ನು ಕೂಡಿಸಿ ಈ ಪದ್ಧತಿ ಕಪ್ಪು ಜನರಲ್ಲಿ ಹುಟ್ಟಿದ್ದೆಂದು ಬರೆದು ತೋರಿಸುವವರೆಗೆ ಈ ಮಾತು ಬಹಳ ಮಂದಿಯ ಕಿವಿಗೆ ಬಿದ್ದಿರಲಿಲ್ಲ.

ಮಾತು ಮರೆಗೆ ಹೋದದ್ದು ಹೇಗೆ? 1936ರಲ್ಲಿ ನಾರ್ಮನ್ ರಾಕ್‌ವೆಲ್ ಎಂಬ ಚಿತ್ರಕಾರ ಒಂದು ದೊಡ್ಡ ವಾರಪತ್ರಿಕೆಯ ಮುಖಪುಟಕ್ಕೆ ಕಟಿಂಗ್ ಅಂಗಡಿಯ ಚೌಕಡಿಯ ಚಿತ್ರ ಬರೆದ. ನಾಲ್ವರೂ ಬಿಳಿಯರು. ಚಿತ್ರ ಚಂದ ಇದೆ. ಆದರೆ ಮನೆ ಮನೆಗೆ ಹೋದದ್ದು ಆ ಚಿತ್ರ. ಮುಂದೆ ಪಟ್ಟೆಯ ಅಂಗಿ, ಹುಲ್ಲಿನ ಟೊಪ್ಪಿಗೆ ಹಾಕಿದ ಬಿಳಿಯ ಗಂಡಸರೇ ಈ ಹಾಡಿನ ಗುರುತು ಆಗಿಬಿಟ್ಟರು.

1938ರ ಏಪ್ರಿಲ್ 11ರಂದು ಓಕ್ಲಹೋಮಾ ರಾಜ್ಯದ ಟಲ್ಸಾ ಊರಿನಲ್ಲಿ ಓವೆನ್ ಕ್ಯಾಶ್ ಎಂಬ ವಕೀಲ, ರೂಪರ್ಟ್ ಹಾಲ್ ಎಂಬ ಹಣಕಾಸಿನ ವ್ಯವಹಾರದವ, ಇಬ್ಬರೂ ಕೂಡಿ ಗೆಳೆಯರನ್ನು ಕರೆದರು. ಬಂದವರು 26 ಮಂದಿ. ಒಂದು ಕ್ಲಬ್ಬಿನ ಮಾಳಿಗೆಯ ಮೇಲೆ ಹಾಡಿದರು. ಅಲ್ಲೇ ಒಂದು ಸಂಘ ಹುಟ್ಟಿತು. ಅಮೇರಿಕಾದ ಕಟಿಂಗ್ ಅಂಗಡಿ ಚೌಕಡಿ ಹಾಡನ್ನು ಉಳಿಸುವ ಮತ್ತು ಬೆಳೆಸುವ ಸಂಘ ಅಂತ ಉದ್ದ ಹೆಸರು ಇಟ್ಟರು. ಆಗಿನ ಸರ್ಕಾರ ದಿನಕ್ಕೊಂದು ಉದ್ದ ಹೆಸರಿನ ಇಲಾಖೆ ತೆರೆಯುತ್ತಿತ್ತು, ಅದನ್ನು ಅಣಕಿಸಲು ಇಟ್ಟ ಹೆಸರು. ಮರುವರ್ಷ ಮೊದಲ ಸ್ಪರ್ಧೆ ನಡೆಯಿತು. ಆ ಹೊತ್ತಿಗೆ ರೇಡಿಯೋ ಬಂದು ಮಂದಿ ತಾವೇ ಹಾಡುವುದು ಕಡಿಮೆ ಆಗಿತ್ತು. ಈ ಸಂಘ ಇಲ್ಲದಿದ್ದರೆ ಈ ಹಾಡು ಇಷ್ಟು ದೂರ ಬರುತ್ತಿರಲಿಲ್ಲ. ಅದಕ್ಕೆ ಅವರಿಗೆ ಶರಣು ಹೇಳಲೇಬೇಕು.

ಶರಣು ಹೇಳಿದ ಮೇಲೆ ಕೇಳುವುದನ್ನೂ ಕೇಳಬೇಕು. ಆ ಸಂಘ ಯಾರನ್ನು ಒಳಗೆ ಬಿಟ್ಟಿತು?

1941ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಚೌಕಡಿಗಳ ಸ್ಪರ್ಧೆ ನಡೆಯಿತು. ಗೆದ್ದವರು ಗ್ರ್ಯಾಂಡ್ ಸೆಂಟ್ರಲ್ ರೆಡ್ ಕ್ಯಾಪ್ಸ್. ಗ್ರ್ಯಾಂಡ್ ಸೆಂಟ್ರಲ್ ಅಂದರೆ ಅಲ್ಲಿನ ದೊಡ್ಡ ರೈಲ್ವೆ ಸ್ಟೇಷನ್ನು. ಕೆಂಪು ಟೊಪ್ಪಿಗೆಯವರು ಅಂದರೆ ಅಲ್ಲಿ ಸಾಮಾನು ಹೊರುವ ಹಮಾಲರು. ನಮ್ಮ ಮಿರಜ, ಸೋಲಾಪುರ ಸ್ಟೇಷನ್ನಿನ ಕೆಂಪು ಅಂಗಿಯ ಹಮಾಲರು ಇದ್ದಂಗ. ಈ ನಾಲ್ವರು ಕಪ್ಪು ಹಮಾಲರು ಗೆದ್ದು, ಸೇಂಟ್ ಲೂಯಿಸ್ ಊರಿನ ರಾಷ್ಟ್ರೀಯ ಸ್ಪರ್ಧೆಗೆ ಹೋಗಬೇಕಿತ್ತು. ಕಪ್ಪು ಜನರಿಗೆ ಅವಕಾಶ ಇಲ್ಲ ಅಂತ ಸಂಘ ತಡೆಯಿತು. ನ್ಯೂಯಾರ್ಕಿನ ಹಿಂದಿನ ಗವರ್ನರ್ ಅಲ್ ಸ್ಮಿತ್, ನಗರದ ಉದ್ಯಾನಗಳ ಅಧಿಕಾರಿ ರಾಬರ್ಟ್ ಮೋಸಸ್, ಇಬ್ಬರೂ ಇದು ಅನ್ಯಾಯ ಅಂತ ಸಂಘ ಬಿಟ್ಟು ಹೊರಬಂದರು. ಆದರೂ ಬಾಗಿಲು ತೆರೆಯಲಿಲ್ಲ. ತೆರೆದದ್ದು 1963ರಲ್ಲಿ, ಇಪ್ಪತ್ತೆರಡು ವರ್ಷ ಆದ ಮೇಲೆ.

ಸಂಘದಲ್ಲಿ ಹೆಣ್ಣುಮಕ್ಕಳಿಗೂ ಜಾಗ ಇರಲಿಲ್ಲ. ಅವರು 1945ರಲ್ಲಿ ಅದೇ ಟಲ್ಸಾ ಊರಿನಲ್ಲಿ ಸ್ವೀಟ್ ಅಡೆಲೈನ್ಸ್ ಅಂತ ತಮ್ಮದೇ ಸಂಘ ಕಟ್ಟಿದರು. ಚೊಲೋ ಆಯಿತು ಅನ್ನುವಷ್ಟರಲ್ಲಿ ಅವರೂ ಬಿಳಿಯ ಹೆಂಗಸರಿಗೆ ಮಾತ್ರ ಅಂತ ನಿಯಮ ಮಾಡಿದರು. ಅದನ್ನು ಒಪ್ಪದ ಕೆಲವು ಮೇಳಗಳ ಹೆಣ್ಣುಮಕ್ಕಳು 1959ರಲ್ಲಿ ಹೊರಗೆ ಬಂದು ಹಾರ್ಮನಿ ಇನ್ಕಾರ್ಪೊರೇಟೆಡ್ ಅಂತ ಬೇರೆ ಸಂಘ ಮಾಡಿದರು. ಈ ಇಡೀ ಕಥೆಯಲ್ಲಿ ನನಗೆ ಹೆಚ್ಚು ಗೌರವ ಬಂದದ್ದು ಇವರ ಮೇಲೆ. ಸ್ವೀಟ್ ಅಡೆಲೈನ್ಸ್ ಆ ನಿಯಮ ತೆಗೆದದ್ದು 1966ರಲ್ಲಿ. ಗಂಡಸರ ಸಂಘ ಹೆಣ್ಣುಮಕ್ಕಳನ್ನು ಸದಸ್ಯರಾಗಿ ತೆಗೆದುಕೊಂಡದ್ದು 2018ರಲ್ಲಿ. ಸಂಘ ಹುಟ್ಟಿ 80 ವರ್ಷ ಆಗಿತ್ತು.

ಈಗ ಎರಡು ಮೇಳಗಳ ಹಾಡನ್ನು ಅಕ್ಕಪಕ್ಕ ಇಟ್ಟು ಹೇಳುತ್ತೇನೆ.

ಮೊದಲನೆಯದು ಬಫಲೋ ಬಿಲ್ಸ್. ಇವರು 1950ರ ಸ್ಪರ್ಧೆಯಲ್ಲಿ ಗೆದ್ದ ಬಿಳಿಯರ ಚೌಕಡಿ. 1957ರಲ್ಲಿ ಮೆರೆಡಿತ್ ವಿಲ್ಸನ್ ಬರೆದ ದಿ ಮ್ಯೂಸಿಕ್ ಮ್ಯಾನ್ ನಾಟಕದಲ್ಲಿಯೂ 1962ರ ಅದರ ಸಿನಿಮಾದಲ್ಲಿಯೂ ಇವರೇ ಹಾಡಿದರು. ಅದರ ಕಥೆ ನಮ್ಮ ಮಾಸ್ತರರಿಗೆ ಬಹಳ ಸೇರೀತು. ಅಯೋವಾ ರಾಜ್ಯದ ಒಂದು ಊರಿನ ಸಾಲಿ ಕಮಿಟಿಯ ನಾಲ್ಕು ಮಂದಿ ವರ್ಷಗಟ್ಟಲೆ ಜಗಳ ಆಡಿದವರು. ಬ್ಯಾಂಡಿನ ಸಾಮಾನು ಮಾರುವ ಒಬ್ಬ ಠಕ್ಕ ಊರಿಗೆ ಬರುತ್ತಾನೆ. ಕಮಿಟಿಯವರು ಅವನ ಕಾಗದಪತ್ರ ಕೇಳಲು ಬಂದರೆ, ಅವನು ಒಬ್ಬೊಬ್ಬನ ಬಾಯಿಂದ ಒಂದೊಂದು ಸ್ವರ ಹೊರಡಿಸಿ ಕೂಡಿಸಿಬಿಡುತ್ತಾನೆ. ಅವರಿಗೆ ಹಾಡಿನ ಹುಚ್ಚು ಹಿಡಿಯುತ್ತದೆ, ಕಾಗದ ಮರೆತುಹೋಗುತ್ತದೆ. ಮುಂದೆ ಪ್ರತಿ ಸಲವೂ ಹೀಗೇ.

ಅವರು ಹಾಡುವ ಲೀಡಾ ರೋಸ್ ಎಂಬ ಹಾಡು ನಿಧಾನ ನಡಿಗೆಯದು. ಒಂದು ಸುತ್ತು ಅವರು ಹಾಡಿದ ಮೇಲೆ ಕಥೆಯ ನಾಯಕಿ ಬೇರೆ ಧಾಟಿಯ ಬೇರೆ ಹಾಡು ಹಾಡುತ್ತಾಳೆ. ಆಮೇಲೆ ಎರಡೂ ಒಟ್ಟಿಗೆ ಬರುತ್ತವೆ. ಒಂದಕ್ಕೊಂದು ತಾಕುವುದಿಲ್ಲ. ಸ್ವರ ಒಂದೂ ಅಲುಗುವುದಿಲ್ಲ. ಇಷ್ಟು ಶುದ್ಧ ಹಾಡು ನಾನು ಕೇಳಿದ್ದು ಕಡಿಮೆ. ಆದರೆ ಆ ಊರಿನಲ್ಲಿ ಕಾಣುವ ಮಂದಿಯೆಲ್ಲಾ ಬಿಳಿಯರೇ. ಕಥೆ 1912ರದ್ದು. ಅದೇ ಕಾಲಕ್ಕೆ ಆರ್ಮ್‌ಸ್ಟ್ರಾಂಗ್ ಓಣಿಯಲ್ಲಿ ಹಾಡುವ ಹುಡುಗ. ನೋಡುವವರಿಗೆ ಈ ಹಾಡು ಸಾಲಿ ಕಮಿಟಿಯವರ ಬಾಯಿಂದಲೇ ಹುಟ್ಟಿದಂತೆ ಕಾಣುತ್ತದೆ. ಹಾಡಿನ ದೋಷ ಅಲ್ಲ ಅದು. ಹಾಡಿಗೆ ಹಾಕಿದ ಚೌಕಟ್ಟಿನ ದೋಷ.

ಎರಡನೆಯದು ಮಿಲ್ಸ್ ಬ್ರದರ್ಸ್. ಓಹಾಯೋ ರಾಜ್ಯದ ಪಿಕ್ವಾ ಊರಿನ ನಾಲ್ಕು ಕಪ್ಪು ಅಣ್ಣತಮ್ಮಂದಿರು. ಇವರ ಅಪ್ಪನದು ಕ್ಷೌರದ ಅಂಗಡಿ, ಅಪ್ಪನೂ ಚೌಕಡಿಯಲ್ಲಿ ಹಾಡಿದವನು. ಮಕ್ಕಳು ಮುಂದೆ ರೇಡಿಯೋಕ್ಕೆ ಹೋಗಿ ದೊಡ್ಡ ಹೆಸರು ಮಾಡಿದರು. ಒಂದು ಗಿಟಾರು ಬಿಟ್ಟರೆ ಕಹಳೆ ಗಿಹಳೆ ಎಲ್ಲಾ ಬಾಯಲ್ಲೇ ನುಡಿಸುತ್ತಿದ್ದರು. 1936ರಲ್ಲಿ ಹಿರಿಯ ಮಗ ಜಾನ್ ತೀರಿಕೊಂಡ. ಬುಡದ ದನಿ ಅವನದು. ಅಪ್ಪ ಬಂದು ಆ ಜಾಗದಲ್ಲಿ ನಿಂತ. ಮಗನ ಸ್ವರ ಅಪ್ಪ ಹಿಡಿದ. ಇವರ ಹಾಡು ಸ್ಪರ್ಧೆಯ ಕಟ್ಟುಪಾಡಿನ ಹಾಡಲ್ಲ, ಜಾಝ್ ಕಡೆಗೆ ವಾಲಿದ್ದು. ಬಫಲೋ ಬಿಲ್ಸ್ ಅವರ ಹಾಗೆ ಗಂಟೆ ಹೊಡೆಯುವ ನಾದ ಇಲ್ಲಿ ಕಡಿಮೆ. ದನಿ ಮೆತ್ತಗೆ, ಒತ್ತಡ ಇಲ್ಲ, ಮಾತಾಡಿದಂತೆ ಹಾಡುತ್ತಾರೆ. ಆದರೆ ಕಟಿಂಗ್ ಅಂಗಡಿಯಲ್ಲಿ ಪಾಳಿ ಕಾಯುತ್ತಾ ಕೂತವರ ಗುಣ ನನಗೆ ಕೇಳಿಸಿದ್ದು ಇಲ್ಲಿ. ನಾನು ಯಾರದು ಮತ್ತೆ ಮತ್ತೆ ಹಚ್ಚಿಸಿ ಕೇಳಿದೆ ಅಂದರೆ ಇವರದೇ.

ಸ್ಪರ್ಧೆಯ ಬಗ್ಗೆಯೂ ಒಂದು ಮಾತು. ಈಗಿನ ಸ್ಪರ್ಧೆಯಲ್ಲಿ ಸಂಗೀತ, ಪ್ರದರ್ಶನ, ಹಾಡುಗಾರಿಕೆ ಅಂತ ಮೂರು ಭಾಗ ಮಾಡಿ, ಒಬ್ಬೊಬ್ಬ ಪರೀಕ್ಷಕ 100ಕ್ಕೆ ಇಷ್ಟು ಅಂತ ಅಂಕ ಹಾಕುತ್ತಾನೆ. ಇದರಿಂದ ಹಾಡು ಬಹಳ ಸಾಫ್ ಆಗಿದೆ. ಹಾಡುಗಳನ್ನು ಮೊದಲೇ ನಾಲ್ಕು ದನಿಗೆ ಬರೆದು, ತಿಂಗಳುಗಟ್ಟಲೆ ತಿದ್ದಿ ಬರುತ್ತಾರೆ. ಹಳೆಯ ಪದ್ಧತಿಗೆ ಅವರು ವುಡ್‌ಶೆಡ್ಡಿಂಗ್ ಅನ್ನುತ್ತಾರೆ, ಅಂದರೆ ಕಟ್ಟಿಗೆ ಒಟ್ಟುವ ಕೊಟ್ಟಿಗೆಯಲ್ಲಿ ನಿಂತು ಹಾಡಿದ ಹಾಗೆ. ಒಬ್ಬ ಗೊತ್ತಿದ್ದ ಧಾಟಿ ಎತ್ತುತ್ತಾನೆ, ಮೂವರು ಕಿವಿಯಿಂದಲೇ ತಮ್ಮ ಸ್ವರ ಹುಡುಕಿಕೊಳ್ಳುತ್ತಾರೆ. ತಪ್ಪುತ್ತಾರೆ, ನಗುತ್ತಾರೆ, ಮತ್ತೆ ಹುಡುಕುತ್ತಾರೆ. ಜಾನ್ಸನ್ ಕಂಡದ್ದು ಇದನ್ನೇ. ಇದಕ್ಕೆ ಅಂಕ ಹಾಕಲು ಬರುವುದಿಲ್ಲ. ಅಂಕ ಬಾರದ ಕೆಲಸ ಮೂಲೆಗೆ ಸರಿಯುತ್ತದೆ, ಇದು ಸಾಲಿಯಲ್ಲೂ ಹಂಗ, ಹಾಡಿನಲ್ಲೂ ಹಂಗ. ಒಂದು ಸಮಾಧಾನ ಇದೆ. ಹಾಡಿನ ಕೊನೆಯ ತುಣುಕಿಗೆ ಅವರು ಟ್ಯಾಗ್ ಅನ್ನುತ್ತಾರೆ. ಒಬ್ಬ ಒಂದೇ ಸ್ವರವನ್ನು ಉಸಿರು ಇರುವ ತನಕ ಎಳೆದು ನಿಲ್ಲುತ್ತಾನೆ, ಮೂವರು ಅದರ ಸುತ್ತ ಸರಿದಾಡಿ ಕಡೆಗೆ ಬಂದು ಕೂಡುತ್ತಾರೆ. ಅವರ ಜಾತ್ರೆಗಳಲ್ಲಿ ಹೆಸರು ಗೊತ್ತಿಲ್ಲದ ನಾಲ್ವರು ಪಡಸಾಲೆಯಲ್ಲಿ ನಿಂತು ಒಬ್ಬರಿಗೊಬ್ಬರು ಟ್ಯಾಗ್ ಕಲಿಸಿ ಹಾಡುತ್ತಾರೆ. ವೇದಿಕೆಗಿಂತ ಪಡಸಾಲೆಯಲ್ಲಿ ಹಾಡು ಹೆಚ್ಚು ಬದುಕಿದೆ.

ಹಾಗಾದರೆ ಎರಡನೆಯ ಅಳತೆಯಲ್ಲಿ ಎಷ್ಟು ಅಂಕ? ಬಹಳ ವರ್ಷ ಸೊನ್ನೆ. ಈಗ ಏರುತ್ತಿದೆ. ಸಂಘದ ಹೆಸರಿನಲ್ಲಿ 'ಉಳಿಸುವ' ಎಂಬ ಶಬ್ದ ಇತ್ತು. ಹಾಡನ್ನು ಹುಟ್ಟಿಸಿದ ಮಂದಿಯನ್ನು ಬಾಗಿಲ ಹೊರಗೆ ನಿಲ್ಲಿಸಿ ಉಳಿಸಿದ್ದರಿಂದ ಹಾಡಿನ ಮೈ ಉಳಿಯಿತು. ಹುಡುಕಾಟ, ನಗು, ಓಣಿಯ ಗುಣ ಅರ್ಧ ಕಳೆಯಿತು. ಆ ಹಮಾಲರು 1941ರಲ್ಲಿ ಸೇಂಟ್ ಲೂಯಿಸಿಗೆ ಹೋಗಿ ಹಾಡಿದ್ದರೆ ಮುಂದಿನ ಚೌಕಡಿಗಳು ಅವರಿಂದ ಏನು ಕಲಿಯುತ್ತಿದ್ದವು? ಅದನ್ನು ಈಗ ಯಾರೂ ಕೇಳಲು ಬರುವುದಿಲ್ಲ.

ಈ ಮಾತು ನಮಗೂ ಹತ್ತುತ್ತದೆ. ಜಾತ್ರೆಗೆ ಹಲಗಿಯ ದನಿ ಬೇಕು, ಬಾರಿಸಿದವನು ಊಟಕ್ಕೆ ಬೇರೆ ಸಾಲಿನಲ್ಲಿ ಕೂತದ್ದನ್ನು ನನ್ನ ವಯಸ್ಸಿನವರು ಕಂಡಿದ್ದೇವೆ. ಗಡಿಯಲ್ಲಿ ಕೂತ ನಾವು ಕನ್ನಡ ಉಳಿಸಬೇಕು ಅಂತ ದಿನಾ ಅನ್ನುತ್ತೇವೆ. ಅನ್ನಲೇಬೇಕು. ಆದರೆ ನಮ್ಮ ಭಜನಿಯಲ್ಲಿ ಒಂದು ತತ್ವಪದ ಆದ ಮೇಲೆ ಒಂದು ಅಭಂಗ ಬರುತ್ತದೆ, ಮರಾಠಿ ಮನೆಯ ಹುಡುಗ ಕನ್ನಡ ಪದಕ್ಕೆ ತಾಳ ಹಾಕುತ್ತಾನೆ. ಉಳಿಸುವ ಹುರುಪಿನಲ್ಲಿ ಅವನನ್ನು ಎಬ್ಬಿಸಬಾರದು. ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಕಟ್ಟಿದ ಪದಗಳನ್ನು ಗಂಡಸರು ವೇದಿಕೆಯಲ್ಲಿ ಹಾಡಿ ಶಾಲು ಹೊದಿಸಿಕೊಳ್ಳುವಾಗ, ಆ ಪದ ಕಲಿಸಿದ ಅವ್ವ ಮೊದಲ ಸಾಲಿನಲ್ಲಿ ಕೂತಿದ್ದಾಳೋ ಇಲ್ಲೋ ನೋಡಬೇಕು.

ಸಾಲಿ ಮಾಸ್ತರರಿಗೆ, ಬಾಯಾರಿಗೆ ಒಂದು ವಿನಂತಿ. ಹುಡುಗರಿಗೆ ಈ ಅಮೇರಿಕಾ ಹಾಡು ಒಮ್ಮೆ ಕೇಳಿಸಿರಿ. ಮೊದಲ ಸಲ ಧಾಟಿ ಎಲ್ಲಿದೆ ಅಂತ ಹುಡುಕಲಿ. ಎರಡನೆಯ ಸಲ ಬುಡದ ದನಿಯ ಹಿಂದೆ ಹೋಗಲಿ. ಮೂರನೆಯ ಸಲ ಆ ಬ್ಯಾರಿಟೋನ್ ಎಲ್ಲಿ ಅಡಗಿದ್ದಾನೆ ಅಂತ ಕಿವಿಗೊಡಲಿ. ಅವನು ಸಿಕ್ಕಾಗ ಆ ಕೆಂಪು ಟೊಪ್ಪಿಗೆಯ ನಾಲ್ವರು ಹಮಾಲರ ಕಥೆಯನ್ನೂ ಹೇಳಿರಿ.